ಕೋಳಿಮರಿಗೆ ಯಾವ ಹೊಟ್ಟು ಹಾಸಬೇಕು?

ಮರಿ ಬರುವ ದಿನ ಗೊತ್ತಾಯಿತು ಅಂದರೆ ಬಲ್ಬು, ನೀರಿನ ಡಬ್ಬಿ, ಫೀಡು ಅಂತ ಓಡಾಟ ಶುರುವಾಗುತ್ತದೆ. ನೆಲಕ್ಕೆ ಹಾಸುವ ಹೊಟ್ಟು ನೆನಪಾಗುವುದು ಹಿಂದಿನ ದಿನ ಸಂಜೆಗೆ. ಆಗ ಸಿಕ್ಕಿದ್ದೇ ಗತಿ. ಆದರೆ ಮರಿ ಹಗಲು ರಾತ್ರಿ ಇರುವುದು ಅದರ ಮೇಲೆ, ಹಿಕ್ಕೆ ಹಾಕುವುದು ಅದರ ಮೇಲೆ, ಕೆದಕಿ ಬಾಯಿಗೆ ಹಾಕಿಕೊಳ್ಳುವುದೂ ಅದನ್ನೇ. ಒಂದು ವಾರ ಮೊದಲೇ ತಂದು, ಬಿಸಿಲಿಗೆ ಹರವಿ, ಒಣಗಿಸಿ ಇಟ್ಟುಕೊಳ್ಳಿ.

ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯವರಿಗೆ ಹುಡುಕಾಟ ಕಡಿಮೆ. ಭದ್ರಾ ನಾಲೆಯ ಭತ್ತ ಇದೆ, ರೈಸ್ ಮಿಲ್ಲುಗಳಿವೆ. ಭತ್ತದ ಹೊಟ್ಟು ನೀರನ್ನು ಬಹಳ ಹೀರುವುದಿಲ್ಲ, ನಿಜ. ಆದರೆ ಒಳಗೆ ಗಾಳಿಯಾಡುತ್ತದೆ, ಬೇಗ ಒಣಗುತ್ತದೆ. ನನ್ನ ಮೊದಲ ಆಯ್ಕೆ ಅದೇ. ಮಂಡಕ್ಕಿ ಭಟ್ಟಿಗೂ ಇದೇ ಉರುವಲು, ಹಾಗಾಗಿ ಮಿಲ್ಲಿನವರಿಗೆ ಮುಂಚೆಯೇ ಹೇಳಿಟ್ಟಿರಿ.

ಎಲ್ಲಾ ಮಿಲ್ಲಿನ ಹೊಟ್ಟೂ ಒಂದೇ ಅಲ್ಲ. ದೊಡ್ಡ ಮಿಲ್ಲಿನದರಲ್ಲಿ ಸಿಪ್ಪೆ ಎರಡು ಹೋಳಾಗಿ ಹಾಗೇ ಉಳಿದಿರುತ್ತದೆ. ಹಳ್ಳಿಯ ಹಲ್ಲರ್ ಗಿರಣಿಯದು ಪುಡಿಪುಡಿ. ತೌಡು, ನುಚ್ಚು ಎಲ್ಲಾ ಬೆರೆತಿರುತ್ತದೆ. ಮರಿಗಳು ಫೀಡು ಬಿಟ್ಟು ಅದನ್ನೇ ಹೆಕ್ಕುತ್ತವೆ. ಸ್ವಲ್ಪ ತೇವ ತಾಗಿದರೂ ತೌಡಿಗೆ ಬೂಸ್ಟು ಬರುತ್ತದೆ.

ಚಳ್ಳಕೆರೆ ಸುತ್ತಮುತ್ತ ಶೇಂಗಾ ಸಿಪ್ಪೆ ಸುಲಭ. ಹಗುರ, ತೇವವನ್ನು ಚೆನ್ನಾಗಿ ಹೀರುತ್ತದೆ. ಆದರೆ ಮಳೆಯಲ್ಲಿ ನೆನೆದ ರಾಶಿಯದು ಬೇಡವೇ ಬೇಡ. ಬೂಸ್ಟಿನ ಪುಡಿ ಮರಿಯ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೇ ಪೆಟ್ಟು. ಮರಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಬ್ರೂಡರ್ ನ್ಯುಮೋನಿಯಾ ಅನ್ನುವುದು ಇದನ್ನೇ. "ಬಿಸಿಲಿಗೆ ಹಾಕಿದರೆ ಸರಿಹೋಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ. ಬಿಸಿಲಿಗೆ ಹಸಿ ಹೋಗುತ್ತದೆ, ಬೂಸ್ಟು ಅಲ್ಲೇ ಇರುತ್ತದೆ.

ಅದಕ್ಕೇ ಚೀಲದ ಬಾಯಿ ನೋಡಿ ದುಡ್ಡು ಎಣಿಸಬೇಡಿ. ಮೊಣಕೈವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ತೆಗೆಯಿರಿ. ಒಳಗೆ ಬೆಚ್ಚಗಿದ್ದರೆ ಹಸಿ ಇದೆ ಅಂತಲೇ ಅರ್ಥ. ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಬೂದಿ ಬಣ್ಣದ ಪುಡಿ ಹಾರಿದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ವಾಪಸ್ ಬನ್ನಿ.

ಸಾಮಿಲ್ಲಿನ ನುಣ್ಣನೆ ಪುಡಿ ಎಳೆ ಮರಿಗೆ ಆಗಲ್ಲ. ಫೀಡು ಅಂದುಕೊಂಡು ತಿನ್ನುತ್ತವೆ, ಮೇವುಚೀಲ ಕಟ್ಟಿಕೊಳ್ಳುತ್ತದೆ. ಬಡಗಿಗಳು ಮರ ನುಣುಪು ಮಾಡುವಾಗ ಉದುರುವ ಸುರುಳಿ ಸಿಪ್ಪೆ ಒಳ್ಳೆಯದು. ಪ್ಲೈವುಡ್ ಚೂರು ಸೇರಿರಬಾರದು. ಹುಲ್ಲು ಹಾಸುವುದಾದರೆ ಒಂದೆರಡು ಇಂಚಿಗೆ ಕತ್ತರಿಸಿ, ಇಲ್ಲದಿದ್ದರೆ ಚಾಪೆ ಹೆಣೆದ ಹಾಗೆ ಕೂತುಬಿಡುತ್ತದೆ. ತೆಂಗಿನ ನಾರಿನ ಪುಡಿಯಲ್ಲಿ ಧೂಳು ಜಾಸ್ತಿ, ಹೊಟ್ಟಿನ ಜೊತೆ ಬೆರೆಸಿಯೇ ಬಳಸಿ.

ಇನ್ನು ಲೆಕ್ಕ. ಶುರುವಿನಲ್ಲಿ ಮರಿಗೆ ಅರ್ಧ ಚದರಡಿ ಅಂತ ಹಿಡಿದರೆ 100 ಮರಿಗೆ 50 ಚದರಡಿ. ಎರಡು ಇಂಚು ದಪ್ಪ ಹಾಸಲು ಸುಮಾರು 25 ಕಿಲೋ ಭತ್ತದ ಹೊಟ್ಟು ಬೇಕು. ಚಳಿಗಾಲದಲ್ಲಿ ಮೂರು ಇಂಚು ಇರಲಿ. ತಣ್ಣನೆ ನೆಲ ಮೇಲಿನ ಬಲ್ಬಿನ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ನೆನಪಿರಲಿ. ಮರಿ ಬಿಡುವ ಮೊದಲೇ ಬಲ್ಬು ಹಾಕಿ ಹಾಸಿಗೆ ಬೆಚ್ಚಗೆ ಮಾಡಿಕೊಳ್ಳಿ.

ಮೊದಲ ಮೂರ್ನಾಲ್ಕು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ ಜೋಳದ ನುಚ್ಚು ಚೆಲ್ಲಿ. ಆಗ ಮರಿಗಳಿಗೆ ಹೊಟ್ಟು ಯಾವುದು, ತಿನ್ನುವುದು ಯಾವುದು ಅಂತ ತಿಳಿಯುತ್ತದೆ. ಪೇಪರ್ ದಿನಾ ಬದಲಿಸಿ. ಹೊಳಪಿನ ಕಾಗದ ಮಾತ್ರ ಬೇಡ. ಕಾಲು ಜಾರಿ ಜಾರಿ ಎರಡೂ ಪಕ್ಕಕ್ಕೆ ಚಾಚಿಕೊಂಡ ಮರಿ ಆಮೇಲೆ ನೆಟ್ಟಗೆ ನಿಲ್ಲುವುದು ಕಷ್ಟ.

ನಂತರದ ಕೆಲಸ ಸಣ್ಣದು, ಆದರೆ ಬಿಡುವಂತಿಲ್ಲ. ವಾರಕ್ಕೆ ಎರಡು ಸಲ ಹೊಟ್ಟನ್ನು ಮೇಲೆ ಕೆಳಗೆ ಮಾಡಿ. ನೀರಿನ ಡಬ್ಬಿಯ ಸುತ್ತ ಗಟ್ಟಿಯಾಗಿ ಹೆಂಟೆ ಕಟ್ಟಿದ್ದನ್ನು ಅವತ್ತೇ ತೆಗೆದು ಒಣ ಹೊಟ್ಟು ತುಂಬಿ. ರಕ್ತಭೇದಿಯ ರೋಗಾಣುವಿಗೆ ಬೇಕಾಗಿರುವುದು ಅಂಥ ಬೆಚ್ಚನೆ ಹಸಿ ಜಾಗವೇ. ಡಬ್ಬಿಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಏರಿಸುತ್ತಾ ಬಂದರೆ ನೀರು ಚೆಲ್ಲುವುದೇ ಅರ್ಧ ಕಡಿಮೆಯಾಗುತ್ತದೆ.

ಹಸಿ ಎಷ್ಟಿದೆ ಅಂತ ನೋಡಲು ಒಂದು ಹಿಡಿ ಬಿಗಿಯಾಗಿ ಹಿಂಡಿ, ಬೆರಳು ಬಿಡಿಸಿ. ಉಂಡೆ ನಿಂತಿತೋ, ಹಸಿ ಜಾಸ್ತಿ. ಸ್ವಲ್ಪ ಅಂಟಿ ಉದುರಿದರೆ ಸರಿ. ಅಂಟದೇ ಧೂಳೆದ್ದರೆ ಅತಿಯಾಗಿ ಒಣಗಿದೆ.

ಬೆಳಿಗ್ಗೆ ಶೆಡ್ಡಿನಲ್ಲಿ ಕೂತು, ಮರಿಯ ಎತ್ತರಕ್ಕೆ ಮೂಗು ತಂದು ಉಸಿರೆಳೆಯಿರಿ. ಕಣ್ಣು ಉರಿದರೆ ಅಮೋನಿಯಾ ತುಂಬಿದೆ. ಪರದೆ ಮೇಲೆತ್ತಿ ಗಾಳಿ ಬಿಡಿ, ಹಸಿ ಭಾಗ ತೆಗೆಯಿರಿ. ಅನೇಕರು ತಕ್ಷಣ ಸುಣ್ಣ ಎರಚುತ್ತಾರೆ. ಹಸಿ ಹಿಕ್ಕೆಗೆ ಸುಣ್ಣ ಬಿದ್ದರೆ ಅಮೋನಿಯಾ ಇನ್ನೂ ಬಿಟ್ಟುಕೊಳ್ಳುತ್ತದೆ, ಘಾಟು ಏರುತ್ತದೆ. ಸುಣ್ಣಕ್ಕೆ ಸರಿಯಾದ ಹೊತ್ತು ಶೆಡ್ಡು ಖಾಲಿಯಾದ ಮೇಲೆ. ಹಳೆ ಹಾಸಿಗೆಯನ್ನೆಲ್ಲ ಬಳಿದು ತಿಪ್ಪೆಗೆ ಹಾಕಿ, ನೆಲ ತೊಳೆದು ಒಣಗಿಸಿ, ಸುಣ್ಣ ಬಳಿಯಿರಿ. ತಿಪ್ಪೆಯಲ್ಲಿ ಚೆನ್ನಾಗಿ ಕೊಳೆತ ಆ ಹೊಟ್ಟು ಮುಂದೆ ಅಡಿಕೆ ತೋಟಕ್ಕೋ ಮೆಕ್ಕೆಜೋಳದ ಹೊಲಕ್ಕೋ ಗೊಬ್ಬರವಾಗುತ್ತದೆ.