ಕೂಸು ಹಳದಿ ಕಾಣ್ತಿದ್ಯಾ? ನೆಲನೆಲ್ಲಿ ಅರೆಯೋ ಮುಂಚೆ ಇಷ್ಟು ಮಾಡಿ

ನಮ್ಮ ಶಿರಸಿ ಕಡೆ ಹುಟ್ಟಿದ ಮೂರನೇ ದಿನ ಕೂಸಿನ ಮುಖ ಹಳದಿ ಕಂಡ್ರೆ ಸಾಕು, ಒಬ್ರು ತೋಟದಿಂದ ನೆಲನೆಲ್ಲಿ ಕಿತ್ಕೊಂಡು ಬರ್ತಾರೆ, ಇನ್ನೊಬ್ರು ಬಜೆ ತೇಯೋಕೆ ಕಲ್ಲು ತೊಳೀತಾರೆ. ದೊಡ್ಡವ್ರ ಕಾಮಾಲೆಗೆ ನೆಲನೆಲ್ಲಿ ಕೊಡೋದು ಹಳೇ ರೂಢಿ, ಆದ್ರೆ ಹಸುಗೂಸಿನ ಲೆಕ್ಕವೇ ಬೇರೆ. ಅದ್ರ ಮೈಯಲ್ಲಿ ಕೆಂಪು ರಕ್ತಕಣ ಜಾಸ್ತಿ ಒಡೀತವೆ, ಆಗ ಬರೋ ಬಿಲಿರುಬಿನ್ ಅನ್ನೋ ಹಳದಿ ವಸ್ತುವನ್ನ ಹೊರಗೆ ಹಾಕೋಷ್ಟು ಲಿವರ್ ಇನ್ನೂ ಬಲಿತಿರಲ್ಲ. ಹೆಚ್ಚಿನ ಮಕ್ಕಳಿಗೆ 2-3ನೇ ದಿನ ಶುರುವಾಗಿ ಎರಡು ವಾರದೊಳಗೆ ತಾನೇ ಇಳಿಯತ್ತೆ. ಮದ್ದು ಕೊಟ್ಟೋರಿಗೆ ಹೆಸರು ಬರೋದೂ ಹೀಗೇ!

ಮೊದ್ಲು ಕೂಸನ್ನ ಕಿಟಕಿ ಹತ್ರ ಹಗಲು ಬೆಳಕಿಗೆ ತನ್ನಿ. ಹಣೆ ಮೇಲೆ ಬೆರಳಿಂದ ಮೆತ್ತಗೆ ಒತ್ತಿ ಬಿಡಿ, ಒತ್ತಿದ ಜಾಗ ಹಳದಿ ಕಂಡ್ರೆ ಕಾಮಾಲೆ ಇದೆ. ಮೈಬಣ್ಣ ಕಪ್ಪಿದ್ರೆ ಕಣ್ಣಿನ ಬಿಳಿಭಾಗ, ವಸಡು ನೋಡಿ. ಹಳದಿ ಮುಖದಿಂದ ಕೆಳಗೆ ಇಳೀತಾ ಹೋಗತ್ತೆ. ಎಷ್ಟಿದೆ ಅಂತ ಕಣ್ಣಳತೇಲಿ ಹೇಳೋಕಾಗಲ್ಲ, ಆಶಾ ಕಾರ್ಯಕರ್ತೆ 3ನೇ ದಿನ, 7ನೇ ದಿನ ಮನೆಗೆ ಬರ್ತಾರಲ್ಲ, ಅವ್ರಿಗೆ ತೋರ್ಸಿ, ಡಾಕ್ಟರ್ ಹತ್ರ ಟೆಸ್ಟ್ ಮಾಡ್ಸಿ.

ಆಮೇಲೆ ಹಾಲು. ದಿನಕ್ಕೆ 8ರಿಂದ 12 ಸಲ, ಮಲಗಿದ್ರೆ ಎಬ್ಬಿಸಿ ಕುಡಿಸಿ, ಬಿಲಿರುಬಿನ್ ಹೋಗೋದು ಹೆಚ್ಚಾಗಿ ಕಕ್ಕದಲ್ಲೇ, ಹಾಲು ಹೊಟ್ಟೆಗೆ ಹೋದ್ರೆ ತಾನೇ ಕಕ್ಕ. ಮೊದಲ ಹಳದಿ ಹಾಲು ಚೆಲ್ಬೇಡಿ. ನೆಲನೆಲ್ಲಿ ರಸ, ಬಜೆ, ಸಕ್ಕರೆ ನೀರು ಒಂದು ಹನೀನೂ ಬೇಡ, ಆ ಪುಟ್ಟ ಹೊಟ್ಟೇಲಿ ಹಾಲಿನ ಜಾಗ ಅದೇ ತಿನ್ನತ್ತೆ. ಜೇನುತುಪ್ಪ ವರ್ಷ ತುಂಬೋ ತನಕ ಇಲ್ಲ. ಬರೆ ಹಾಕೋದಂತೂ ಬೇಡವೇ ಬೇಡ. ಅಜ್ಜಿಗೆ ಬೇಜಾರಾಗ್ಬಾರ್ದು ಅಂದ್ರೆ ಬಾಣಂತಿಗೆ ಮೆಂತೆ ಗಂಜಿ ಮಾಡೋ ಕೆಲ್ಸ ಒಪ್ಪಿಸಿ.

ಬಿಸಿಲಿಗೆ ಹಿಡೀರಿ ಅಂತಾರೆ, ಆಷಾಢದ ಮಳೇಲಿ ಇಲ್ಲಿ ಬಿಸಿಲೆಲ್ಲಿ? ಇದ್ರೂ ಕಾಮಾಲೆ ಇಳಿಸೋಕೆ ಆಸ್ಪತ್ರೇಲಿ ಇಡೋ ನೀಲಿ ಲೈಟಿಗೆ ಅದು ಬದಲಿ ಅಲ್ಲ. ಮಳೆಗಾಲದ ಇನ್ನೊಂದು ತಾಪತ್ರಯ ನುಸಿಗುಳಿಗೆ, ಟ್ರಂಕಲ್ಲಿ ಅದ್ರ ಜೊತೆ ಇಟ್ಟ ಬಟ್ಟೆ ಕೂಸಿಗೆ ಹಾಕ್ಬೇಡಿ, ಜಿ6ಪಿಡಿ (ರಕ್ತಕಣ ಒಡೀದ ಹಾಗೆ ಕಾಯೋ ಕಿಣ್ವ) ಕೊರತೆ ಇರೋ ಮಕ್ಕಳಿಗೆ ಅದ್ರಿಂದ ರಕ್ತಕಣ ಒಡೆದು ಕಾಮಾಲೆ ಏರತ್ತೆ.

ಹುಟ್ಟಿದ 24 ಗಂಟೆಯೊಳಗೇ ಹಳದಿ ಬಂದ್ರೆ, ಅಂಗೈ ಅಂಗಾಲು ಹಳದಿಯಾದ್ರೆ, ಹಾಲು ಎಳೀದೆ ಮಂಕಾಗಿ ಬಿದ್ದಿದ್ರೆ, ಕೀರಲು ದನೀಲಿ ಅತ್ತು ಮೈ ಹಿಂದಕ್ಕೆ ಬಿಲ್ಲಿನ ಹಾಗೆ ಬಗ್ಗಿಸಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಘಟ್ಟದ ರಸ್ತೆ ಲೆಕ್ಕ ಹಾಕಿ ಆಗಲೇ 108ಕ್ಕೆ ಫೋನ್ ಮಾಡಿ, ಬಿಲಿರುಬಿನ್ ಮಿದುಳಿಗೆ ಏರಿದ್ರೆ ಆದ ಹಾನಿ ವಾಪಸ್ ಬರಲ್ಲ. ಎರಡು ವಾರ ದಾಟಿದ್ರೂ ಹಳದಿ ಇದ್ರೆ ಡೈಪರ್ ಬಿಚ್ಚಿ ನೋಡಿ. ಕಕ್ಕ ಸುಣ್ಣದ ಹಾಗೆ ಬಿಳಿ, ಉಚ್ಚೆ ಗಾಢ ಹಳದಿ ಇದ್ರೆ ಪಿತ್ತನಾಳ ಮುಚ್ಚಿರಬಹುದು, ಅದಕ್ಕೆ ಆಪರೇಷನ್ 60 ದಿನದೊಳಗೆ ಆದ್ರೆ ಒಳ್ಳೇದು.