ವಿಮೆಯಿಲ್ಲದ ನಮ್ಮ ಮನೆಗೆ ದಾರಿ ತೋರಿಸಿದ ಒಂದು ಚೀಟಿ

ಮಂಡ್ಯದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನಗೆ ಆರೋಗ್ಯ ವಿಮೆ ಇರಲಿಲ್ಲ. ಇದ್ದದ್ದು ಬಿಪಿಎಲ್ ಕಾರ್ಡು ಮಾತ್ರ. ಅವ್ವನಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗತೊಡಗಿದಾಗ ಗಾಬರಿಯಲ್ಲಿ ಅವರನ್ನು ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ನೇರವಾಗಿ ಕರೆದೊಯ್ದದ್ದು ನಾನು ಮಾಡಿದ ಮೊದಲ ತಪ್ಪು. ಹೃದಯದ ರಕ್ತನಾಳಗಳನ್ನು ನೋಡುವ ಆಂಜಿಯೋಗ್ರಾಂ ಆಗಬೇಕೆಂದ ಅವರು ಮುಂಗಡ ಕಟ್ಟಲು ಹೇಳಿದರು. ಆಸ್ಪತ್ರೆ ಸರ್ಕಾರದ ಆರೋಗ್ಯ ಯೋಜನೆಯ ಪಟ್ಟಿಯಲ್ಲಿದ್ದರೂ, 'ಸರ್ಕಾರಿ ಆಸ್ಪತ್ರೆಯ ರೆಫರಲ್ ತಂದಿದ್ದೀರಾ?' ಎಂದು ಅಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿಯಾದ ಆರೋಗ್ಯಮಿತ್ರರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುವುದು ನನಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಅದರ ಕ್ರಮ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಸಾಧ್ಯವಿಲ್ಲದಿದ್ದರೆ ಅಲ್ಲಿನ ವೈದ್ಯರು ಬರೆದುಕೊಡುವ ರೆಫರಲ್ ಚೀಟಿ ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಅವ್ವನ ಸ್ಥಿತಿ ಅಂದು ತುರ್ತೆನಿಸಲಿಲ್ಲವಾದ್ದರಿಂದ ನಾವು ಅದೇ ಸಂಜೆ ಬಸ್ಸಿನಲ್ಲಿ ಹಿಂತಿರುಗಿದೆವು.

ಮರುದಿನ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲಿ ಇಸಿಜಿ ಮಾಡಿಸಿ, ವೈದ್ಯರಿಂದ ರೆಫರಲ್ ಪಡೆದೆವು. ಆದರೆ ಅವ್ವನ ಹೆಸರು ಪಡಿತರ ಚೀಟಿಯಲ್ಲಿ 'ಸಾಕಮ್ಮ', ಆಧಾರ್‌ನಲ್ಲಿ 'ಸಾಕಮ್ಮಣ್ಣಿ' ಎಂದಿತ್ತು. ಆರು ದಶಕ ಎರಡೂ ಹೆಸರಿಗೆ ಓಗೊಟ್ಟವರಿಗೆ ಈ ವ್ಯತ್ಯಾಸ ನಗೆ ತರಿಸಿತು, ನನಗೆ ಮೂರು ದಿನದ ಅಂಗಡಿಯ ಸಂಪಾದನೆ ತಿಂದಿತು. ಇದು ಸರಿಹೋಗಿ ಆಯುಷ್ಮಾನ್ ಕಾರ್ಡು ಕೈಗೆ ಬಂದ ಮೇಲೆ ಮೈಸೂರಿನ ಬೇರೊಂದು ನೋಂದಾಯಿತ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಅಳವಡಿಸಿದರು. ಮುಂಗಡದ ಮಾತೇ ಬರಲಿಲ್ಲ. ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿಲ್ಲದಾಗಲೇ ಆಧಾರ್ ಮತ್ತು ಪಡಿತರ ಚೀಟಿಯನ್ನು ಪಕ್ಕಪಕ್ಕ ಇಟ್ಟು ಅಕ್ಷರ ಹೋಲಿಸಿ ನೋಡಿ ಎಂದು ಈಗ ನನ್ನ ಅಂಗಡಿಗೆ ಬರುವವರಿಗೆಲ್ಲ ಹೇಳುತ್ತಿದ್ದೇನೆ.

ಕಾರ್ಡು ಎಲ್ಲವನ್ನೂ ಭರಿಸುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ಕೆಲವು ದಿನಗಳ ನಂತರ ಅವ್ವ ನುಂಗುವ ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆಗಳ ಖರ್ಚು ನಮ್ಮದೇ. ವೈದ್ಯರು ಔಷಧದ ಮೂಲ ಹೆಸರನ್ನು ಬರೆದುಕೊಟ್ಟಿದ್ದರಿಂದ ಅವನ್ನು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳುತ್ತಿದ್ದೇನೆ.

ಊರಿನಲ್ಲಿರುವ ನನ್ನ ತಮ್ಮನದು ಎಪಿಎಲ್ ಕಾರ್ಡು. ಅವನಿಗೆ ಇದೇ ಯೋಜನೆಯಲ್ಲಿ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ, ಶೇಕಡಾ 30ರಷ್ಟು ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ಸಿಗುತ್ತದೆ. ಒಂದು ಲಕ್ಷದ ಚಿಕಿತ್ಸೆಯಾದರೆ 70,000 ತಾನೇ ಹೊಂದಿಸಬೇಕು. ಹಾಲಿನ ಡೈರಿಯ ಸದಸ್ಯನಾದ ಅವನಿಗೆ ಸಹಕಾರ ಸಂಘಗಳ ಸದಸ್ಯರಿಗಿರುವ ರಾಜ್ಯದ ಆರೋಗ್ಯ ಯೋಜನೆಯಾದ ಯಶಸ್ವಿನಿಯೇ ಮೇಲೆಂದು ನನಗೆ ತೋರಿತು. ಗ್ರಾಮೀಣ ಸಹಕಾರಿಗಳ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಹೆಚ್ಚುವರಿ ಸದಸ್ಯರಿಗೆ ತಲಾ 100. ಇದರ ಮಿತಿಯೂ 5 ಲಕ್ಷ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಅವನು ಒಮ್ಮೆ ಅವಧಿ ತಪ್ಪಿಸಿಕೊಂಡದ್ದೂ ಉಂಟು. ಈ ಸಲ ಡೈರಿಯ ಕಾರ್ಯದರ್ಶಿಯವರು ಹಾಲಿನ ಬಟವಾಡೆಯ ದಿನವೇ ಅವನ ಐವರ ಕುಟುಂಬಕ್ಕೆ 600 ರೂಪಾಯಿ ಹಿಡಿದುಕೊಂಡು ರಸೀದಿ ಕೊಟ್ಟರು.