ಮೂರು ತಿಂಗಳು ನಿಂತ ಸಂಬಳ: ನನ್ನ ಅನುಭವ

ನಾನು ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದ ತಾಲ್ಲೂಕು ಕಾರ್ಯದರ್ಶಿ. ಪಕ್ಕದ ತಾಲ್ಲೂಕಿನಿಂದ ವರ್ಗವಾಗಿ ಬಂದ ಮೇಡಂ ಒಬ್ಬರಿಗೆ ಮೂರು ತಿಂಗಳಿಂದ ಸಂಬಳ ಆಗಿರಲಿಲ್ಲ. ಮಗಳ ಹಾಸ್ಟೆಲ್ ಫೀಸಿಗೆ ಬಳೆ ಅಡ ಇಟ್ಟಿದ್ದರು. ಕೇಳಿ ಹೊಟ್ಟೆ ಉರಿಯಿತು.

ಮೊದಲು ನಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸಂಘದ ಮನವಿ ಕೊಟ್ಟೆ. "ನೋಡ್ತೀವಿ ಸಾರ್" ಅಂದರು, ಅಷ್ಟೇ. ಸುಮ್ನೆ ಹದಿನೈದು ದಿನ ಹೋಯಿತು.

ಆಮೇಲೆ ಮೇಡಂ ಜೊತೆ ಕೂತು ಕಾಗದಗಳನ್ನು ಒಂದೊಂದಾಗಿ ತೆಗೆದೆ. ಬಿಡುಗಡೆ ಆದೇಶ ಇತ್ತು, ಹಾಜರಾದ ವರದಿ ಇತ್ತು, ಎಲ್‌ಪಿಸಿ (ಹಳೇ ಕಚೇರಿ ಕೊಡುವ ಕೊನೆಯ ವೇತನ ಪ್ರಮಾಣಪತ್ರ) ಕೂಡ ಬಂದಿತ್ತು. ಹಾಗಾದರೆ ತಡೆ ಎಲ್ಲಿ? ಎಚ್‌ಆರ್‌ಎಂಎಸ್‌ನಲ್ಲಿ (ಸರ್ಕಾರಿ ನೌಕರರ ಸೇವಾ ವಿವರ, ಸಂಬಳದ ಬಿಲ್ ನೋಡಿಕೊಳ್ಳುವ ಆನ್‌ಲೈನ್ ವ್ಯವಸ್ಥೆ) ನೋಡಿಸಿದರೆ ಅವರ ಹೆಸರು ಇನ್ನೂ ಹಳೇ ತಾಲ್ಲೂಕಿನ ಪಟ್ಟಿಯಲ್ಲೇ ಇತ್ತು. ಕಾಗದದಲ್ಲಿ ಬಿಡುಗಡೆ ಆಗಿದ್ದರೂ, ಹಳೇ ಕಚೇರಿಯವರು ಎಚ್‌ಆರ್‌ಎಂಎಸ್‌ನಲ್ಲೂ ಬಿಡುಗಡೆ ಮಾಡದೆ ಇಲ್ಲಿ ಸಂಬಳದ ಬಿಲ್ ಆಗುವುದಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಹಳೇ ತಾಲ್ಲೂಕಿನ ಕಚೇರಿಗೆ ಬಸ್ ಹತ್ತಿದೆವು. ಮೇಡಂ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಅಲ್ಲಿನ ಗುಮಾಸ್ತರು ಫೈಲ್ ತೆಗೆದು, "ಅಯ್ಯೋ, ಎಂಟ್ರಿ ಬಿಟ್ಟುಹೋಗಿದೆ" ಅಂತ ನಮ್ಮೆದುರೇ ಮಾಡಿಕೊಟ್ಟರು. ಹತ್ತು ನಿಮಿಷದ ಕೆಲಸ!

ಮುಂದಿನ ತಿಂಗಳು ಸಂಬಳ ಬಂತು. ಬಾಕಿಗೆ ಬೇರೆ ಬಿಲ್ ಮಾಡಿಸಬೇಕಾಯಿತು, ಅದೂ ಆಯಿತು. ಈಗ ವರ್ಗವಾಗಿ ಬಂದ ಯಾರೇ ಸಿಕ್ಕರೂ ನನ್ನ ಮೊದಲ ಪ್ರಶ್ನೆ: "ಎಚ್‌ಆರ್‌ಎಂಎಸ್‌ನಲ್ಲಿ ಬಿಡುಗಡೆ ಆಯ್ತಾ?"